ಕೀಲಿ ಹುಟ್ಟಿದ್ದು ಯಾವ ಊರಲ್ಲಿ? ಚಿಕ್ಕಮಗಳೂರಿನ ಕಾಫಿ ರಫ್ತುದಾರರ ಒಂದು ಕ್ವಾಂಟಮ್ ವ್ಯಾಜ್ಯ

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್ (ಕಾಫಿ ಬೀಜ ಸಂಸ್ಕರಿಸುವ ಘಟಕ), ಜರ್ಮನಿಯ ಒಬ್ಬ ಖರೀದಿದಾರ, ಸಿಂಗಪುರದಲ್ಲಿ ನೋಂದಣಿಯಾದ ಒಂದು ಕ್ವಾಂಟಮ್ ಸಂವಹನ ಕಂಪನಿ. ಈ ಮೂವರ ನಡುವೆ ಎದ್ದ ತಕರಾರಿನ ವಿವರ ಇದು. ನಾನು ಕ್ಯೂರಿಂಗ್ ವರ್ಕ್ಸ್ ಪರವಾಗಿ ಕೆಲಸ ಮಾಡಿದ ವಕೀಲ. ಕಕ್ಷಿದಾರರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ, ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕೊನೆಗೆ ಮೀಡಿಯೇಶನ್‌ನಲ್ಲಿ ರಾಜಿಯಾಯಿತು. ಆ ಕೋಣೆಯೊಳಗೆ ಯಾರು ಏನಂದರು ಅನ್ನೋದು ಗೋಪ್ಯ, ಅದು ಇಲ್ಲಿ ಬರುವುದಿಲ್ಲ. ಅದಕ್ಕೆ ಮುಂಚೆ ನಾವು ಏನು ಯೋಚಿಸಿದೆವು, ಎಲ್ಲಿ ದಾರಿ ಬದಲಿಸಿದೆವು ಅನ್ನೋದನ್ನು ಮಾತ್ರ ಬರೆದಿದ್ದೇನೆ. ದೇಶದಾಚೆಗೆ ಹೋಗುವ ಕ್ವಾಂಟಮ್ ಲೈನುಗಳು, ಅಂದರೆ ಸಂದೇಶಕ್ಕೆ ಬೀಗ ಹಾಕುವ ಗುಟ್ಟಿನ ಕೀಲಿಯನ್ನು ಬೆಳಕಿನ ಕಣಗಳಿಂದ ತಯಾರಿಸುವ ಲೈನುಗಳು, ಮುಂದೆ ಜಾಸ್ತಿ ಆಗುತ್ತವೆ. ಆಗ ಕೀಲಿ ಯಾವ ಊರಿನದು, ಯಾವ ಕೋರ್ಟಿಗೆ ಹೋಗಬೇಕು ಅನ್ನುವ ಇದೇ ಪ್ರಶ್ನೆ ಬೇರೆಯವರ ಮೇಜಿನ ಮೇಲೂ ಬರುತ್ತದೆ.

ಹಿನ್ನೆಲೆ

ಕಾಫಿ ರಫ್ತಿನಲ್ಲಿ ಬೆಲೆ ಒಂದೇ ಸಲಕ್ಕೆ ತೀರ್ಮಾನ ಆಗುವುದಿಲ್ಲ. ರೋಬಸ್ಟಾ ಆದರೆ ‘ಲಂಡನ್ ಮಾರುಕಟ್ಟೆಯ ದರದ ಮೇಲೆ ಟನ್ನಿಗೆ ಇಷ್ಟು ಡಾಲರ್’ ಅಂತ ಮೊದಲು ಕರಾರು ಆಗುತ್ತದೆ. ಆಮೇಲೆ ಗಡುವಿನೊಳಗೆ ಮಾರುಕಟ್ಟೆ ನೋಡಿಕೊಂಡು, ಮಾರುವವರು ಒಂದು ದಿನ ‘ಈಗ ಫಿಕ್ಸ್ ಮಾಡಿ’ ಅಂತ ಹೇಳುತ್ತಾರೆ. ಆ ಒಂದು ಸಾಲಿನ ಸಂದೇಶದ ಮೇಲೆ ಲಕ್ಷಾಂತರ ರೂಪಾಯಿ ನಿಂತಿರುತ್ತದೆ. 2024ರಲ್ಲಿ ಲಂಡನ್ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿದ ಮೇಲೆ ಏರಿಳಿತವೂ ವಿಪರೀತ ಆಯಿತು. ಬೆಳಿಗ್ಗೆ ಇದ್ದ ಲೆಕ್ಕ ರಾತ್ರಿಗೆ ಇರುವುದಿಲ್ಲ.

ನಮ್ಮ ಕಕ್ಷಿದಾರರದು ಕುಟುಂಬದ ವ್ಯವಹಾರ. ಕಣ, ಹಲ್ಲಿಂಗ್, ಗ್ರೇಡಿಂಗ್ ಯಜಮಾನರು ನೋಡಿಕೊಳ್ಳುತ್ತಾರೆ. ರಫ್ತು, ಬ್ಯಾಂಕು, ಕರಾರು ಎಲ್ಲಾ ಮಗಳ ಕೈಯಲ್ಲಿದೆ. ಜರ್ಮನಿಯ ಖರೀದಿದಾರರ ಜೊತೆ ಹಳೇ ನಂಟು. ಆ ಖರೀದಿದಾರರಿಗೆ ಬೇರೊಂದು ದೇಶದ ಸರಬರಾಜುದಾರರ ಹೆಸರಿನಲ್ಲಿ ನಕಲಿ ಇಮೇಲ್ ಬಂದು, ಹಣ ಯಾರದೋ ಖಾತೆಗೆ ಹೋಗಿತ್ತು. ಆ ಪೆಟ್ಟಿನ ನಂತರ ಅವರೊಂದು ಷರತ್ತು ಹಾಕಿದರು. ಬೆಲೆ ಫಿಕ್ಸ್ ಮಾಡುವ ಆದೇಶ, ಬ್ಯಾಂಕ್ ವಿವರದ ಬದಲಾವಣೆ ಇವೆಲ್ಲ ತಾವು ಗೊತ್ತುಮಾಡಿದ ಕ್ವಾಂಟಮ್ ಲೈನಿನಲ್ಲೇ ಬರಬೇಕು, ಬೇರೆ ದಾರಿಯಲ್ಲಿ ಬಂದದ್ದು ಮಾನ್ಯ ಅಲ್ಲ.

ಸಿಂಗಪುರದ ಕಂಪನಿ ಇದನ್ನು ಪ್ರಾಯೋಗಿಕ ಯೋಜನೆ ಅಂತ ಕಡಿಮೆ ಬಾಡಿಗೆಗೆ ಹಾಕಿಕೊಟ್ಟಿತು. ಕ್ಯೂರಿಂಗ್ ವರ್ಕ್ಸ್ ಆಫೀಸಿನ ಒಳಕೋಣೆಯಲ್ಲಿ, ಸ್ಯಾಂಪಲ್ ತಟ್ಟೆಗಳ ಕಪಾಟಿನ ಪಕ್ಕ, ಸೀಲ್ ಮಾಡಿದ ಒಂದು ಕಪ್ಪು ಪೆಟ್ಟಿಗೆ ಕೂತಿತು. ಅಲ್ಲಿಂದ ಬೇಲೂರಿನ ಮೇಲೆ ಹಾಸನಕ್ಕೆ ಫೈಬರ್. ಹಾಸನದಲ್ಲಿ ಬಾಡಿಗೆ ಕೋಣೆಯೊಂದರಲ್ಲಿ ಇನ್ನೊಂದು ಪೆಟ್ಟಿಗೆ. ಇವೆರಡರ ನಡುವೆ ಮಾತ್ರ ನಿಜವಾದ ಕ್ವಾಂಟಮ್ ಲೈನ್. ಹಾಸನದಿಂದ ಬೆಂಗಳೂರು, ಅಲ್ಲಿಂದ ಸಮುದ್ರದಡಿಯ ಕೇಬಲ್ ಮೂಲಕ ಯುರೋಪ್, ಇಷ್ಟೂ ದೂರ ಎಲ್ಲರೂ ಬಳಸುವ, ಸಂದೇಶವನ್ನು ಗುಟ್ಟಿನ ಲಿಪಿಗೆ ತಿರುಗಿಸುವ ಮಾಮೂಲಿ ಎನ್‌ಕ್ರಿಪ್ಷನ್. ಆ ಕಡೆ ತುದಿಯಲ್ಲಿ ಮತ್ತೆ ಕೆಲವೇ ಕಿಲೋಮೀಟರ್ ಕ್ವಾಂಟಮ್. ಬ್ರೋಷರ್‌ನಲ್ಲಿ ಮಾತ್ರ ‘ತುದಿಯಿಂದ ತುದಿಗೆ ಕ್ವಾಂಟಮ್ ಭದ್ರತೆ’ ಅಂತ ಇತ್ತು. ಒಳಗಿನ ನಿಜ ಸ್ಥಿತಿ ನಮಗೆ ಗೊತ್ತಾಗಿದ್ದು ತಕರಾರು ಶುರುವಾದ ಮೇಲೆ, ತಾಂತ್ರಿಕ ಅನುಬಂಧ ತರಿಸಿ ಓದಿದಾಗ.

ಇದು ಯಾಕೆ ಹೀಗೆ ಅನ್ನೋದು ತಿಳಿಯದೆ ಕಾನೂನಿನ ಪ್ರಶ್ನೆ ಅರ್ಥ ಆಗುವುದಿಲ್ಲ. ಈ ಲೈನಿನಲ್ಲಿ ಸಂದೇಶ ಹೋಗುವುದಿಲ್ಲ, ಸಂದೇಶಕ್ಕೆ ಬೀಗ ಹಾಕುವ ಕೀಲಿ ಮಾಡಲು ಬೇಕಾದ ಬಿಟ್ಟುಗಳು ಹೋಗುತ್ತವೆ. ಒಂದೊಂದು ಬಿಟ್ ಅನ್ನು ಒಂದೊಂದು ಫೋಟಾನ್ (ಬೆಳಕಿನ ಕಣ) ಮೇಲೆ ಹೇರಿ ಕಳಿಸುತ್ತಾರೆ. ಗೊತ್ತಿಲ್ಲದ ಕ್ವಾಂಟಮ್ ಸ್ಥಿತಿಯನ್ನು ನಕಲು ಮಾಡಲು ಆಗುವುದಿಲ್ಲ ಅನ್ನೋದು 1982ರಲ್ಲೇ ಸಾಬೀತಾದ ಮಾತು. ಮಧ್ಯದಲ್ಲಿ ಯಾರಾದರೂ ಇಣುಕಿದರೆ ಫೋಟಾನಿನ ಸ್ಥಿತಿ ಕೆಡುತ್ತದೆ, ತಪ್ಪಿನ ಪ್ರಮಾಣ ಏರುತ್ತದೆ, ಎರಡೂ ತುದಿಗೆ ಗೊತ್ತಾಗುತ್ತದೆ. ಈ ವಿಧಾನದ ಮೊದಲ ಸೂತ್ರ ಬಿಬಿ84. ಚಾರ್ಲ್ಸ್ ಬೆನೆಟ್ ಮತ್ತು ಜಿಲ್ ಬ್ರಾಸಾರ್ಡ್ ಅದನ್ನು ಮಂಡಿಸಿದ್ದು 1984ರ ಡಿಸೆಂಬರ್‌ನಲ್ಲಿ, ನಮ್ಮ ಬೆಂಗಳೂರಿನಲ್ಲಿ ನಡೆದ ಒಂದು ಸಮ್ಮೇಳನದಲ್ಲಿ. ಇದನ್ನು ಹೇಳುವಾಗ ನನಗೆ ಈಗಲೂ ಖುಷಿಯಾಗುತ್ತದೆ.

ಆದರೆ ನಕಲು ಮಾಡಲು ಆಗದ್ದನ್ನು ದಾರಿಯಲ್ಲಿ ಮಾಮೂಲಿ ಆಂಪ್ಲಿಫೈಯರ್ ಇಟ್ಟು ಬಲಪಡಿಸಲೂ ಆಗುವುದಿಲ್ಲ. ಒಳ್ಳೆಯ ಫೈಬರ್‌ನಲ್ಲೂ ಕಿಲೋಮೀಟರಿಗೆ ಸುಮಾರು 0.2 ಡೆಸಿಬಲ್ ನಷ್ಟ. 70 ಕಿಲೋಮೀಟರ್ ಹೋಗುವಷ್ಟರಲ್ಲಿ ನೂರು ಫೋಟಾನಿನಲ್ಲಿ ನಾಲ್ಕು ಉಳಿಯುತ್ತವೆ. 250 ಕಿಲೋಮೀಟರ್ ಆದರೆ ಲಕ್ಷಕ್ಕೆ ಒಂದು. ಅದಕ್ಕೇ ನಡುನಡುವೆ ಟ್ರಸ್ಟೆಡ್ ನೋಡ್ ಅನ್ನುವ ಪೆಟ್ಟಿಗೆ ಇಡುತ್ತಾರೆ. ಬೀಜಿಂಗ್‌ನಿಂದ ಶಾಂಘೈಗೆ ಚೀನಾ 2017ರಲ್ಲಿ ಶುರು ಮಾಡಿದ 2,000 ಕಿಲೋಮೀಟರ್ ಲೈನಿನಲ್ಲಿ ಇಂಥವು 32. ಪ್ರತಿ ನೋಡ್‌ನಲ್ಲೂ ಕೀಲಿ ಒಂದು ಕ್ಷಣ ಬಿಚ್ಚಿದ ರೂಪದಲ್ಲಿ ಇರುತ್ತದೆ. ಆ ಕೋಣೆಗೆ ಯಾರ ಕೈ ಹೋಗುತ್ತದೋ ಅವರ ಕೈಗೆ ಕೀಲಿ ಸಿಗುತ್ತದೆ. ಇಡೀ ಪ್ರಕರಣದಲ್ಲಿ ನಾನು ಹಿಡಿದುಕೊಂಡ ದಾರ ಇದೇ. ಫೋಟಾನಿಗೆ ಗಡಿ ಇಲ್ಲದಿರಬಹುದು, ಆದರೆ ಕೀಲಿ ಇರುವ ಕೋಣೆಗೆ ಒಂದು ಊರಿದೆ, ಬಾಡಿಗೆ ಪತ್ರ ಇದೆ, ಅದು ಒಂದು ಕೋರ್ಟಿನ ವ್ಯಾಪ್ತಿಗೆ ಬರುತ್ತದೆ.

ಕಂಪನಿ ಜೊತೆಗಿನ ಕರಾರಿನಲ್ಲಿ ನ್ಯಾಯವ್ಯಾಪ್ತಿಯ ಬಗ್ಗೆ ಇದ್ದದ್ದು ಒಂದೇ ವಾಕ್ಯ: ಯಾವುದೇ ವ್ಯಾಜ್ಯ ಬಂದರೆ ಕೀಲಿ ಉತ್ಪತ್ತಿಯಾದ ಸ್ಥಳದ ನ್ಯಾಯಾಲಯಕ್ಕೆ ಮಾತ್ರ ಅಧಿಕಾರ. ಓದಲು ಚೆನ್ನಾಗಿದೆ. ಸಹಿ ಹಾಕುವಾಗ ಯಾರಿಗೂ ಅನುಮಾನ ಬರಲಿಲ್ಲ.

ಆ ಮಧ್ಯಾಹ್ನ

ಜುಲೈ ತಿಂಗಳು. ಪುಷ್ಯ ಮಳೆ ಹಿಡಿದಿತ್ತು, ಜೊತೆಗೆ ಆಷಾಢದ ಗಾಳಿ. ಲಂಡನ್ ಮಾರುಕಟ್ಟೆ ತೆರೆದಾಗ ದರ ಚೆನ್ನಾಗಿತ್ತು. ಮಗಳು ಎರಡು ಕಂಟೈನರ್ ರೋಬಸ್ಟಾ, ಅಂದರೆ 38.4 ಟನ್, ಫಿಕ್ಸ್ ಮಾಡಲು ಮೂರು ಗಂಟೆ ಹೊತ್ತಿಗೆ ಆದೇಶ ಕಳಿಸಿದರು. ಪೆಟ್ಟಿಗೆಯ ಪುಟ್ಟ ಪರದೆಯಲ್ಲಿ ಹಸಿರು ಬರಬೇಕಿತ್ತು, ಹಳದಿ ಬಂತು. ಸಂದೇಶ ಸಾಲಿನಲ್ಲಿ ನಿಂತಿದೆ, ಕೀಲಿ ಸಾಲದು ಅನ್ನುವ ಸೂಚನೆ. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರೆ ‘ಕಾಯಿರಿ’ ಅಂದರು. ಜರ್ಮನಿಗೆ ಫೋನ್ ಮಾಡಿದರು. ಖರೀದಿದಾರರು ಮರ್ಯಾದೆಯಿಂದಲೇ ಮಾತಾಡಿದರು. ನಿಮ್ಮ ದನಿ ನನಗೆ ಗೊತ್ತು, ಆದರೆ ನಮ್ಮ ಕಂಪನಿಯ ನಿಯಮದಂತೆ ಆ ಲೈನಿನಲ್ಲಿ ಬರದೆ ನಾನು ಏನೂ ಮಾಡುವಂತಿಲ್ಲ ಅಂದರು.

ಸಂದೇಶ ಹೊರಟಿದ್ದು ರಾತ್ರಿ, ಲಂಡನ್ ಮಾರುಕಟ್ಟೆ ಮುಚ್ಚಿದ ಮೇಲೆ. ಮರುದಿನ ದರ ಟನ್ನಿಗೆ 150 ಡಾಲರ್ ಕೆಳಗೆ ತೆರೆಯಿತು. ಗಡುವು ಅಂದಿಗೇ ಮುಗಿಯುತ್ತಿದ್ದರಿಂದ ಆ ದರಕ್ಕೇ ಫಿಕ್ಸ್ ಆಯಿತು. ಸುಮಾರು ಐದು ಲಕ್ಷ ರೂಪಾಯಿ ನಷ್ಟ.

ಎರಡು ದಿನ ಬಿಟ್ಟು ಕಂಪನಿಯ ಇಮೇಲ್ ಬಂತು. ಲೈನಿನಲ್ಲಿ ಕದ್ದಾಲಿಕೆಯ ದಾಳಿ ಪತ್ತೆಯಾಯಿತು, ತಪ್ಪಿನ ಪ್ರಮಾಣ ಮಿತಿ ಮೀರಿತು, ಆದ್ದರಿಂದ ವ್ಯವಸ್ಥೆ ಕೀಲಿ ತಯಾರಿಸುವುದನ್ನು ನಿಲ್ಲಿಸಿತು. ವ್ಯವಸ್ಥೆ ತನ್ನ ಕೆಲಸವನ್ನೇ ಮಾಡಿದೆ, ಹೊಣೆ ನಮ್ಮದಲ್ಲ. ಒಂದು ವೇಳೆ ನೀವು ಒಪ್ಪದಿದ್ದರೆ ಕೀಲಿ ನಿರ್ವಹಿಸುವ ನಮ್ಮ ಸರ್ವರ್ ಸಿಂಗಪುರದಲ್ಲಿದೆ, ಅಲ್ಲಿಗೆ ಬನ್ನಿ.

ಪೊಲೀಸ್ ಠಾಣೆಗೋ, ಸಿವಿಲ್ ಕೋರ್ಟಿಗೋ?

ಯಜಮಾನರು ನನ್ನ ಆಫೀಸಿಗೆ ಬಂದಾಗ ಕೋಪದಲ್ಲಿದ್ದರು. “ಯಾರೋ ನಮ್ಮ ಲೈನಿಗೆ ಕೈ ಹಾಕಿದಾರೆ ಅಂತ ಅವರೇ ಬರ್ದು ಕೊಟ್ಟಿದಾರಲ್ಲ ಸಾರ್, ಸಿಇಎನ್ ಠಾಣೇಲಿ ಕಂಪ್ಲೇಂಟ್ ಕೊಡೋಣ” ಅಂದರು. ಸಿಇಎನ್ ಅಂದರೆ ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆ. ಮಗಳು ತಡೆದರು: “ಅಪ್ಪ, ಕೊಟ್ಟು ಯಾರ ಮೇಲೆ ಅಂತ ಬರೀತೀರ?”

ಆ ಪ್ರಶ್ನೆ ಸರಿಯಾದ ಜಾಗಕ್ಕೆ ಮುಟ್ಟಿತು. ಕಾನೂನಿನಲ್ಲಿ ಅಧಿಕಾರಕ್ಕೇನೂ ಕೊರತೆ ಇರಲಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 75ರ ಪ್ರಕಾರ ಅಪರಾಧಿ ಯಾವ ದೇಶದವನಾದರೂ, ಎಲ್ಲಿ ಕೂತಿದ್ದರೂ, ಕೃತ್ಯ ಭಾರತದಲ್ಲಿರುವ ಕಂಪ್ಯೂಟರ್ ಅಥವಾ ನೆಟ್‌ವರ್ಕ್‌ಗೆ ಸಂಬಂಧಿಸಿದ್ದರೆ ನಮ್ಮ ಕಾಯ್ದೆ ಅನ್ವಯಿಸುತ್ತದೆ. ಅಧಿಕಾರ ಇರುವುದು ಬೇರೆ, ಕೈಗೆ ಸಿಗುವುದು ಬೇರೆ. ಸೈಬರ್ ಅಪರಾಧದ ಬುಡಾಪೆಸ್ಟ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಹೊರದೇಶದಿಂದ ಸಾಕ್ಷ್ಯ ತರಿಸಬೇಕಾದರೆ ಪರಸ್ಪರ ನೆರವಿನ ಒಪ್ಪಂದ ಇಲ್ಲವೇ ಕೋರ್ಟಿನ ಕೋರಿಕೆ ಪತ್ರದ ದಾರಿ, ಅದು ನಿಧಾನದ ದಾರಿ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿತ್ತು. ನಾವೇ ಹೋಗಿ ‘ದಾಳಿ ನಡೆದಿದೆ’ ಅಂತ ದೂರು ಕೊಟ್ಟರೆ ಕಂಪನಿಯ ವಾದಕ್ಕೆ ನಾವೇ ಸಹಿ ಹಾಕಿದಂತೆ. ಆಮೇಲೆ ‘ಅದು ದಾಳಿ ಅಲ್ಲ, ನಿಮ್ಮ ಸೇವೆಯ ದೋಷ’ ಅನ್ನಲು ಬಾಯಿ ಇರುವುದಿಲ್ಲ. ಕ್ವಾಂಟಮ್ ಲೈನಿನ ಈ ಗುಣವನ್ನು ವಕೀಲರು ತಿಳಿದಿರಬೇಕು. ತಪ್ಪಿನ ಪ್ರಮಾಣ ಏರಿತು ಅಂತ ಅದು ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಕಳ್ಳ ಇಣುಕಿದರೂ ಏರುತ್ತದೆ, ಫೈಬರ್ ಬಾಗಿದರೂ ಏರುತ್ತದೆ. ಬಿಬಿ84ರಲ್ಲಿ ಈ ಪ್ರಮಾಣ ಶೇಕಡಾ 11ರ ಆಸುಪಾಸು ದಾಟಿದರೆ ಕೀಲಿಯನ್ನು ನಂಬುವಂತಿಲ್ಲ, ಬಿಸಾಡಬೇಕು. ಸುರಕ್ಷತೆಯ ದೃಷ್ಟಿಯಿಂದ ಪ್ರತಿ ತಪ್ಪನ್ನೂ ಕಳ್ಳನ ಕೆಲಸ ಅಂತಲೇ ಎಣಿಸುವುದು ಈ ವಿಜ್ಞಾನದ ಕ್ರಮ. ಆದರೆ ವಿಜ್ಞಾನಿಯ ಆ ಮುಂಜಾಗ್ರತೆ ಕೋರ್ಟಿನಲ್ಲಿ ಪುರಾವೆ ಆಗುವುದಿಲ್ಲ.

ಹಾಗಾಗಿ ದೂರು ಕೊಡುವುದನ್ನು ತಡೆಹಿಡಿದು ಕಂಪನಿಗೆ ಒಂದು ಚಿಕ್ಕ ಪತ್ರ ಬರೆದೆವು. ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನದ ಲಾಗ್ (ಯಂತ್ರದ ದಾಖಲೆ) ಇಟ್ಟಿರಬೇಕು. ನಿಮ್ಮ ಮಾತಿನಂತೆ ಅದು ದಾಳಿಯೇ ಆಗಿದ್ದರೆ ವರದಿಯ ಪ್ರತಿ ಕೊಡಿ. ಅಷ್ಟೇ ಕೇಳಿದ್ದು.

ಉತ್ತರ ಬರಲು ತಡವಾಯಿತು. ಬಂದ ಉತ್ತರದಲ್ಲಿ ‘ದಾಳಿ’ ಹೋಗಿ ‘ಅಸಹಜ ಸ್ಥಿತಿ’ ಬಂದಿತ್ತು. ವರದಿ ಮಾಡಿರಲಿಲ್ಲ. ದಾಳಿ ಅಂದರೆ ನಿರ್ದೇಶನ ಮುರಿದಂತೆ, ದಾಳಿ ಅಲ್ಲ ಅಂದರೆ ಸೇವೆಯ ದೋಷ ಒಪ್ಪಿದಂತೆ. ಈ ಪ್ರಕರಣದ ಮೊದಲ ತಿರುವು ಇದು. ಕ್ರಿಮಿನಲ್ ಬಣ್ಣ ಕಳಚಿ ಕರಾರಿನ ಜಗಳ ಮಾತ್ರ ಉಳಿಯಿತು.

ಪೆಟ್ಟಿಗೆ ಮತ್ತು ಗಾಳಿ

ಪತ್ರ ವ್ಯವಹಾರ ನಡೆಯುತ್ತಿದ್ದ ಹಾಗೇ ಕಂಪನಿಯ ಬೆಂಗಳೂರಿನ ಹುಡುಗರಿಬ್ಬರು ವ್ಯಾನ್ ತಂದು ನಿಲ್ಲಿಸಿದರು. ಪೆಟ್ಟಿಗೆಯನ್ನು ‘ತಪಾಸಣೆಗೆ’ ಸಿಂಗಪುರಕ್ಕೆ ಕಳಿಸಬೇಕಂತೆ. ಮಗಳು ಫೋನ್ ಮಾಡಿದರು. “ಪೆಟ್ಟಿಗೆ ಅವರದ್ದೇ ಅಲ್ವಾ ಸರ್, ಕೊಡಲ್ಲ ಅಂದ್ರೆ ನಮ್ಮ ಮೇಲೇ ಕೇಸ್ ಹಾಕಲ್ವಾ?”

ಪೆಟ್ಟಿಗೆ ಅವರದ್ದೇ. ಆದರೆ ಎರಡು ಕಾರಣ ಇತ್ತು. ಒಂದು, ನಮ್ಮ ಮುಖ್ಯ ಸಾಕ್ಷ್ಯ ಅದರೊಳಗಿತ್ತು. ಎರಡನೆಯದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಕ್ವಾಂಟಮ್ ಕ್ರಿಪ್ಟೋಗ್ರಫಿ ಉಪಕರಣಗಳು ಸೂಕ್ಷ್ಮ ತಂತ್ರಜ್ಞಾನದ ರಫ್ತಿಗೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ವಾಸೆನಾರ್ ಒಪ್ಪಂದದ ನಿಯಂತ್ರಿತ ಪಟ್ಟಿಯಲ್ಲಿವೆ. ಭಾರತ ಆ ಒಪ್ಪಂದಕ್ಕೆ 2017ರಲ್ಲಿ ಸೇರಿತು. ರಫ್ತಿಗೆ ಅನುಮತಿ ಬೇಕಾದ ವಸ್ತುಗಳ ನಮ್ಮ ಸ್ಕೋಮೆಟ್ ಪಟ್ಟಿಯ 8ನೇ ವಿಭಾಗ ಆ ಪಟ್ಟಿಯನ್ನೇ ಅನುಸರಿಸುತ್ತದೆ. ಇಂಥ ವಸ್ತು ದೇಶ ಬಿಟ್ಟು ಹೊರಡಬೇಕಾದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ, ಅಂದರೆ ಡಿಜಿಎಫ್‌ಟಿ ಅನುಮತಿಯ ಪ್ರಶ್ನೆ ಬರುತ್ತದೆ. ಕೀಲಿಗೆ ಗಡಿಯಿಲ್ಲ ಅಂತ ಜಾಹೀರಾತು ಕೊಡುವ ಪೆಟ್ಟಿಗೆಗೆ ಗಡಿ ದಾಟಲು ಸರ್ಕಾರದ ಕಾಗದ ಬೇಕು. ಆ ಕಾಗದ ತೋರಿಸಿ ಅಂತ ಕೇಳಿದೆವು, ಅವರ ಬಳಿ ಇರಲಿಲ್ಲ. ಪೆಟ್ಟಿಗೆಯನ್ನು ಎರಡೂ ಕಡೆಯ ಸಹಿಯೊಂದಿಗೆ ಅಲ್ಲೇ ಮೊಹರು ಮಾಡಿ ಇಡುವುದಕ್ಕೆ ಒಪ್ಪಿದರು. ಲಾಗ್ ತೆಗೆದು, ಹ್ಯಾಶ್ (ಆಮೇಲೆ ಒಂದಕ್ಷರ ತಿದ್ದಿದರೂ ಗೊತ್ತಾಗುವ ಗುರುತು ಸಂಖ್ಯೆ) ಲೆಕ್ಕ ಹಾಕಿ, ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಸಿದ್ಧಪಡಿಸಿದೆವು. ಈ ಕೆಲಸ ಮೊದಲೇ ಆಗದಿದ್ದರೆ ಮುಂದೆ ಯಾವ ಊರಿನ ಕೋರ್ಟಿಗೆ ಹೋದರೂ ಕೈ ಖಾಲಿ.

ಲಾಗ್ ಓದಿದ್ದು ಹಾಸನದ ಇಂಜಿನಿಯರಿಂಗ್ ಕಾಲೇಜೊಂದರ ಅಧ್ಯಾಪಕರು. ಅವರು ಮೊದಲು ಕೇಳಿದ್ದು ಫೈಬರ್ ನೆಲದಡಿ ಇದೆಯಾ, ಕಂಬದ ಮೇಲಿದೆಯಾ ಅಂತ. ಬೇಲೂರು ದಾರಿಯ ಒಂದಷ್ಟು ದೂರ ಕಂಬದ ಮೇಲಿತ್ತು. ಈ ಪೆಟ್ಟಿಗೆ ಬಿಟ್ಟನ್ನು ಬೆಳಕಿನ ಧ್ರುವೀಕರಣದ, ಅಂದರೆ ಬೆಳಕಿನ ಅಲೆ ಕಂಪಿಸುವ ದಿಕ್ಕಿನ, ಮೇಲೆ ಹೇರುತ್ತದೆ. ಕಂಬದ ಮೇಲಿನ ಫೈಬರ್ ಗಾಳಿಗೆ ತೂಗಿದರೆ ಧ್ರುವೀಕರಣ ತಿರುಗುತ್ತದೆ. ನಿಧಾನಕ್ಕೆ ತಿರುಗಿದರೆ ಯಂತ್ರ ಸರಿಪಡಿಸಿಕೊಳ್ಳುತ್ತದೆ, ಬೇಗ ಬೇಗ ತಿರುಗಿದರೆ ಆಗುವುದಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹವಾಮಾನ ಯಂತ್ರಗಳು ಹೋಬಳಿ ಮಟ್ಟದಲ್ಲಿವೆ. ಆ ದಿನದ ಗಾಳಿಯ ಮಾಹಿತಿ ತರಿಸಿ, ತಪ್ಪಿನ ಪ್ರಮಾಣದ ಗೆರೆಯನ್ನು ಅದರ ಪಕ್ಕದಲ್ಲಿಟ್ಟೆವು. ಗಾಳಿ ಎದ್ದಾಗ ಗೆರೆ ಎದ್ದಿತ್ತು, ಗಾಳಿ ತಗ್ಗಿದಾಗ ಇಳಿದಿತ್ತು. ಕದ್ದು ಕೇಳುವವನು ಆಷಾಢದ ಗಾಳಿಯ ತಾಳಕ್ಕೆ ಕೆಲಸ ಮಾಡುವುದಿಲ್ಲ. ಯಜಮಾನರು ಆ ಎರಡು ಗೆರೆಗಳನ್ನು ಬಹಳ ಹೊತ್ತು ನೋಡುತ್ತಾ ಕೂತರು.

ಕೀಲಿ ಎಲ್ಲಿ ಹುಟ್ಟಿತು?

ಇನ್ನು ಉಳಿದದ್ದು ನಿಜವಾದ ಗಂಟು. ಯಾವ ಕೋರ್ಟು?

ಕಂಪನಿಯ ವಾದ ಹೀಗಿತ್ತು. ಕೀಲಿಗಳನ್ನು ಹಂಚುವ, ಲೆಕ್ಕ ಇಡುವ ಸರ್ವರ್ ಸಿಂಗಪುರದಲ್ಲಿದೆ, ಆದ್ದರಿಂದ ಕೀಲಿ ಉತ್ಪತ್ತಿ ಅಲ್ಲೇ. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ. ಕರಾರಿನ ಕಕ್ಷಿಗಳು ಹೊರದೇಶದ ಕೋರ್ಟನ್ನು ಆರಿಸಿಕೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ 2003ರ ಮೋದಿ ಎಂಟರ್‌ಟೇನ್‌ಮೆಂಟ್ ತೀರ್ಪಿನಲ್ಲಿ ಹೇಳಿದೆ. ಜೊತೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 44ಎ ಅಡಿ ಸಿಂಗಪುರ ನಮಗೆ ಪರಸ್ಪರ ಮಾನ್ಯತೆಯ ದೇಶ. ಅಲ್ಲಿನ ಮೇಲಿನ ಕೋರ್ಟಿನ ಡಿಕ್ರಿಯನ್ನು ಇಲ್ಲಿಯ ಜಿಲ್ಲಾ ನ್ಯಾಯಾಲಯದಲ್ಲಿ ನೇರವಾಗಿ ಜಾರಿಗೆ ತರಬಹುದು. ಜರ್ಮನಿ ಆ ಪಟ್ಟಿಯಲ್ಲಿಲ್ಲ, ಅಲ್ಲಿಯ ಡಿಕ್ರಿ ಹಿಡಿದು ಇಲ್ಲಿ ಹೊಸದಾಗಿ ದಾವೆ ಹೂಡಬೇಕು. ಅಂದರೆ ‘ಸಿಂಗಪುರದಲ್ಲಿ ಏನಾದರೂ ಮಾಡಿಕೊಳ್ಳಲಿ’ ಅಂತ ಸುಮ್ನೆ ಕೂರುವುದು ಅಪಾಯ. ಬಾಕಿ ಬಾಡಿಗೆ ಅಂತ ಅವರು ಅಲ್ಲೊಂದು ಡಿಕ್ರಿ ತಂದರೆ ಅದು ಚಿಕ್ಕಮಗಳೂರಿಗೇ ಬಂದು ಬಾಗಿಲು ತಟ್ಟುತ್ತದೆ.

ನಮಗೆ ದಾರಿ ಸಿಕ್ಕಿದ್ದು ಅವರದೇ ಕಾಗದದಲ್ಲಿ. ‘ಕೀಲಿ ಎರಡು ತುದಿಗಳ ಪೆಟ್ಟಿಗೆಗಳಲ್ಲೇ ಹುಟ್ಟುತ್ತದೆ, ನಮ್ಮ ಸರ್ವರ್ ಕೂಡ ಅದನ್ನು ನೋಡುವುದಿಲ್ಲ’ ಅಂತ ಬ್ರೋಷರ್ ಹೆಮ್ಮೆಯಿಂದ ಹೇಳಿತ್ತು. ವಿಜ್ಞಾನವೂ ಮೊದಲ ಮಾತನ್ನು ಒಪ್ಪುತ್ತದೆ. ಬಿಬಿ84ರಲ್ಲಿ ಕಳಿಸಿದ ಫೋಟಾನ್‌ಗಳೇ ಕೀಲಿ ಅಲ್ಲ. ಎರಡೂ ತುದಿ ತಾವು ಯಾವ ಯಾವ ಕ್ರಮದಲ್ಲಿ ಕಳಿಸಿದೆವು, ಅಳೆದೆವು ಅಂತ ಬಹಿರಂಗವಾಗಿ ಹೋಲಿಸಿ, ಹೊಂದದ್ದನ್ನು ಬಿಸಾಡಿ, ತಪ್ಪು ತಿದ್ದಿ, ಉಳಿದದ್ದನ್ನು ಸೋಸಿದ ಮೇಲೆ ಕೀಲಿ ಆಗುತ್ತದೆ. ಅದು ಎರಡೂ ಕಡೆ ಒಟ್ಟಿಗೇ ಆಗುತ್ತದೆ, ಒಂದು ಕಡೆ ಹುಟ್ಟಿ ಇನ್ನೊಂದು ಕಡೆಗೆ ಹೋಗುವುದಿಲ್ಲ. ನಮ್ಮ ಲೈನಿನಲ್ಲಿ ಆ ಎರಡು ತುದಿ ಚಿಕ್ಕಮಗಳೂರು ಮತ್ತು ಹಾಸನ. ಅವರ ವಾಕ್ಯವನ್ನು ಅಕ್ಷರಶಃ ಓದಿದರೂ ಸಿಂಗಪುರ ಬರುವುದಿಲ್ಲ. ಹೀಗೆ ಒಂದಕ್ಕಿಂತ ಹೆಚ್ಚು ಕೋರ್ಟಿಗೆ ವ್ಯಾಪ್ತಿ ಇದ್ದಾಗ ಕಕ್ಷಿಗಳು ಒಂದನ್ನು ಆರಿಸಿಕೊಳ್ಳಬಹುದು, ಆದರೆ ಇಲ್ಲದ ವ್ಯಾಪ್ತಿಯನ್ನು ಕರಾರಿನಿಂದ ಹುಟ್ಟಿಸುವಂತಿಲ್ಲ ಅನ್ನೋದು 1971ರ ಹಕಂ ಸಿಂಗ್ ತೀರ್ಪಿನಿಂದ ಬಂದ ನಿಯಮ. ನಾವು ಚಿಕ್ಕಮಗಳೂರನ್ನು ಹಿಡಿದೆವು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 20ರ ಪ್ರಕಾರ ವ್ಯಾಜ್ಯಕಾರಣದ ಒಂದು ಭಾಗ ಇಲ್ಲೇ ಹುಟ್ಟಿದೆ ಅನ್ನೋದು ಅದಕ್ಕೆ ಒತ್ತಾಸೆ.

ಇಲ್ಲಿ ಹಳೆಯ ಒಂದು ತೀರ್ಪು ಬಹಳ ನೆರವಾಯಿತು. 1966ರ ವರದಿಗಳಲ್ಲಿರುವ ಭಗವಾನ್‌ದಾಸ್ ಕೇಡಿಯಾ ಪ್ರಕರಣ. ಖಾಮ್‌ಗಾಂವ್‌ನವರೂ ಅಹಮದಾಬಾದಿನವರೂ ಫೋನಿನಲ್ಲಿ ಹತ್ತಿಬೀಜದ ಹಿಂಡಿಯ ವ್ಯಾಪಾರ ಮಾಡಿದ್ದರು. ಕರಾರು ಎಲ್ಲಿ ಆಯಿತು ಅನ್ನೋದು ಪ್ರಶ್ನೆ. ಒಪ್ಪಿಗೆಯ ಮಾತು ಕೇಳಿಸಿದ ಜಾಗದಲ್ಲಿ ಅಂತ ಬಹುಮತ ಹೇಳಿತು, ನ್ಯಾಯಮೂರ್ತಿ ಹಿದಾಯತುಲ್ಲಾ ಒಪ್ಪಲಿಲ್ಲ. ತಂತಿಯಲ್ಲಿ ದನಿ ಯಾವ ಯಾವ ಊರು ದಾಟಿತು ಅಂತ ಯಾರೂ ಎಣಿಸಲಿಲ್ಲ. ಎರಡು ತುದಿಯ ಮನುಷ್ಯರನ್ನು ನೋಡಿದರು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 13 ಕೂಡ ಅದೇ ದಾರಿ ಹಿಡಿದಿದೆ. ಸಂದೇಶ ಹೊರಟ ಜಾಗ ಅಂದರೆ ಕಳಿಸಿದವರ ವ್ಯವಹಾರದ ಸ್ಥಳ, ತಲುಪಿದ ಜಾಗ ಅಂದರೆ ಪಡೆದವರ ವ್ಯವಹಾರದ ಸ್ಥಳ. ಕಂಪ್ಯೂಟರ್ ಬೇರೆಲ್ಲೋ ಇದ್ದರೂ ಸರಿ.

ಅದೇ ಸೆಕ್ಷನ್ನಿನ ಮೊದಲ ಉಪವಿಧಿಯ ಮೇಲೆ ನಾನು ಹೆಚ್ಚು ಹೊತ್ತು ಕಳೆದೆ. ಕಳಿಸಿದವರ ಹಿಡಿತದಲ್ಲಿಲ್ಲದ ಕಂಪ್ಯೂಟರ್ ವ್ಯವಸ್ಥೆಯೊಳಗೆ ಸಂದೇಶ ಹೊಕ್ಕ ಕ್ಷಣ ಅದು ‘ಹೊರಟಿತು’ ಅಂತ ಲೆಕ್ಕ. ಹಾಗಾದರೆ ಸ್ಯಾಂಪಲ್ ಕಪಾಟಿನ ಪಕ್ಕದ ಆ ಪೆಟ್ಟಿಗೆ ಯಾರ ಹಿಡಿತದಲ್ಲಿತ್ತು? ಜಾಗ ನಮ್ಮದು, ಕರೆಂಟು ನಮ್ಮದು. ಆದರೆ ಸೀಲ್ ಅವರದು, ಪಾಸ್‌ವರ್ಡ್ ಅವರದು, ದೂರದಿಂದ ನಡೆಸುವವರು ಅವರು. ಸಾಲಿನಲ್ಲಿ ನಿಂತ ಸಂದೇಶವನ್ನು ವಾಪಸ್ ಎಳೆದುಕೊಳ್ಳುವ ಗುಂಡಿಯೇ ನಮ್ಮ ಕಡೆ ಇರಲಿಲ್ಲ. ಮನೆ ಕಾಂಪೌಂಡಿಗೆ ತಗುಲಿ ಹಾಕಿದ ಅಂಚೆ ಡಬ್ಬಿ ಇದ್ದ ಹಾಗೆ: ಗೋಡೆ ನಮ್ಮದಾದರೂ ಒಳಗೆ ಹಾಕಿದ ಕಾಗದ ಇಲಾಖೆಯದು. ಹಾಗಾಗಿ ಮೂರು ಗಂಟೆಗೇ ಸಂದೇಶ ನಮ್ಮ ಕೈಬಿಟ್ಟಿತ್ತು, ಅಲ್ಲಿಂದ ರಾತ್ರಿಯವರೆಗೂ ಅದು ಕಂಪನಿಯ ವಶದಲ್ಲಿತ್ತು ಅನ್ನುವುದು ನಮ್ಮ ನಿಲುವು.

ಇದೇ ವಾದವನ್ನು ಖರೀದಿದಾರರ ಮೇಲೂ ಹೂಡಬಹುದಿತ್ತಲ್ಲ ಅನ್ನಬಹುದು. ಹೂಡಲಿಲ್ಲ. ಅವರ ಕರಾರಿನ ಪ್ರಕಾರ ಆದೇಶ ತಲುಪಿದಾಗಲೇ ಮಾನ್ಯ, ತಗಾದೆ ಬಂದರೆ ಯುರೋಪಿನಲ್ಲಿ ಆರ್ಬಿಟ್ರೇಷನ್, ಅಂದರೆ ಕೋರ್ಟಿನ ಹೊರಗೆ ಪಂಚರ ತೀರ್ಪು. ಅಲ್ಲಿ ನಮ್ಮ ಕಾಲಿಗೆ ನೆಲ ಇರಲಿಲ್ಲ. ಮಗಳು ಇದನ್ನು ಒಂದೇ ಮಾತಿನಲ್ಲಿ ಮುಗಿಸಿದರು: “ಅವರ ಜೊತೆ ಮುಂದಿನ ವರ್ಷಾನೂ ಕಾಫಿ ಮಾರ್ಬೇಕು ಸರ್.”

ಫಲ

ಮೊತ್ತ 3 ಲಕ್ಷ ದಾಟಿದ ವಾಣಿಜ್ಯ ವ್ಯಾಜ್ಯವಾದ್ದರಿಂದ ತುರ್ತು ಪರಿಹಾರ ಕೇಳದಿದ್ದರೆ ದಾವೆಗೆ ಮುಂಚೆ ಮೀಡಿಯೇಶನ್ ಕಡ್ಡಾಯ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ಸೆಕ್ಷನ್ 12ಎ ಹಾಗೆ ಹೇಳುತ್ತದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಿದೆವು. ಕಂಪನಿ ಬರದಿದ್ದರೆ ಬಲವಂತ ಮಾಡುವಂತಿಲ್ಲ, ‘ಬರಲಿಲ್ಲ’ ಅಂತ ವರದಿ ಕೊಡುತ್ತಾರೆ, ನಾವು ದಾವೆ ಹೂಡುತ್ತೇವೆ. ಅವರು ಬಂದರು. ವ್ಯಾಪ್ತಿಯ ತಕರಾರು ಬಿಟ್ಟುಕೊಟ್ಟಿಲ್ಲ ಅಂತ ಬರೆದುಕೊಟ್ಟೇ ಕೂತರು, ಅದು ಅವರ ಹಕ್ಕು.

ರಾಜಿಯಾಯಿತು. ನಷ್ಟದ ಹೆಚ್ಚಿನ ಪಾಲನ್ನು ಕಂಪನಿ ಕೊಟ್ಟಿತು, ಪೂರ್ತಿ ಕೊಡಲಿಲ್ಲ. ಉಳಿದದ್ದನ್ನು ನಮ್ಮವರು ಬಿಟ್ಟರು. ಹೀಗಾದ ರಾಜಿಪತ್ರಕ್ಕೆ ಆರ್ಬಿಟ್ರೇಷನ್ ತೀರ್ಪಿನ ಬೆಲೆ ಇರುತ್ತದೆ, ಜಾರಿಗೆ ತೊಂದರೆ ಇಲ್ಲ. ಯಜಮಾನರಿಗೆ ಪೂರ್ತಿ ಸಮಾಧಾನ ಆಗಲಿಲ್ಲ. ಕೋರ್ಟಿಗೆ ಹೋಗಿದ್ದರೆ ಕೀಲಿ ಎಲ್ಲಿ ಹುಟ್ಟುತ್ತದೆ ಅನ್ನುವುದಕ್ಕೆ ಒಂದು ತೀರ್ಪು ಸಿಗುತ್ತಿತ್ತು. ವಕೀಲನಾಗಿ ನನಗೂ ಅದರ ಆಸೆ ಇತ್ತು. ಆದರೆ ಐದು ಲಕ್ಷದ ಜಗಳವನ್ನು ವರ್ಷಗಟ್ಟಲೆ ಎಳೆದು ಕಾನೂನು ಬೆಳೆಸುವುದು ಕಕ್ಷಿದಾರರ ಕೆಲಸ ಅಲ್ಲ.

ಇದರಿಂದ ತಿಳಿದದ್ದು

ಹೊಸ ಕರಾರು ಬರೆಯುವಾಗ ಕೀಲಿಯ ಹುಟ್ಟನ್ನು ಸಂಪೂರ್ಣ ಬಿಟ್ಟೆವು. ಭಾರತದ ಕಾನೂನು, ಆರ್ಬಿಟ್ರೇಷನ್ನಿನ ಸೀಟ್ (ಕಾನೂನಿನ ಲೆಕ್ಕದಲ್ಲಿ ಅದರ ಊರು) ಬೆಂಗಳೂರು. 2012ರ ಬಾಲ್ಕೊ ತೀರ್ಪಿನ ನಂತರ ಸೀಟ್ ಯಾವುದೋ ಅಲ್ಲಿಯ ಕೋರ್ಟಿಗೇ ಮೇಲ್ವಿಚಾರಣೆ ಅನ್ನೋದು ಖಚಿತ. ಆರ್ಬಿಟ್ರೇಷನ್ನಿನಲ್ಲಿ ಬಂದ ತೀರ್ಪನ್ನು, ಇಂಥ ತೀರ್ಪುಗಳಿಗೆ ಮಾನ್ಯತೆ ಕೊಡುವ ನ್ಯೂಯಾರ್ಕ್ ಒಪ್ಪಂದದ ದೇಶಗಳಲ್ಲಿ ಜಾರಿ ಮಾಡಿಸಬಹುದು. ಜರ್ಮನಿ, ಸಿಂಗಪುರ ಎರಡೂ ಅದರಲ್ಲಿವೆ. ಕೋರ್ಟ್ ಡಿಕ್ರಿಗೆ ಇಲ್ಲದ ಅನುಕೂಲ ಇದು, ದೇಶದಾಚೆಯ ಲೈನಿಗೆ ನನಗೆ ಇದೇ ಸರಿ ಅನ್ನಿಸುತ್ತದೆ.

ಅದಕ್ಕಿಂತಲೂ ಬೆಲೆಬಾಳುವ ಕಾಗದ ಅಂದರೆ ಅನುಬಂಧ. ಪ್ರತಿ ನೋಡ್‌ನ ವಿಳಾಸ, ಕೋಣೆ ಯಾರ ಬಾಡಿಗೆಯಲ್ಲಿದೆ, ಬೀಗ ಯಾರ ಕೈಯಲ್ಲಿದೆ, ಲೈನಿನ ಯಾವ ಭಾಗ ಕ್ವಾಂಟಮ್, ಯಾವುದು ಮಾಮೂಲಿ, ಯಾವ ಭಾಗ ಕಂಬದ ಮೇಲೆ, ಎಲ್ಲವನ್ನೂ ಬರೆಸಿದೆವು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 69ರಡಿ ಸರ್ಕಾರ ಸಂದೇಶ ಬಿಚ್ಚಿ ಕೊಡಿ ಅಂದರೆ ಆ ಆದೇಶ ಹೋಗುವುದು ಇಂಥ ಕೋಣೆಗೇ. ಇನ್ನೊಂದು ದೇಶದಲ್ಲಿ ನೋಡ್ ಇದ್ದರೆ ಆ ದೇಶದ ಆದೇಶವೂ ಅಲ್ಲಿಗೆ ಹೋಗುತ್ತದೆ. ತಪ್ಪಿನ ಪ್ರಮಾಣ ಏರಿದರೆ ಬೇರೆ ಪುರಾವೆ ಸಿಗುವವರೆಗೆ ಅದನ್ನು ದೋಷ ಅಂತ ಎಣಿಸಬೇಕು, ಪೆಟ್ಟಿಗೆಗೆ ಸಂದೇಶ ಹೊಕ್ಕ ಸಮಯವೇ ಹೊರಟ ಸಮಯ, ಲಾಗಿನ ಒಂದು ಪ್ರತಿ ಭಾರತದಲ್ಲಿ ಇರಬೇಕು ಅಂತಲೂ ಸೇರಿಸಿದೆವು. ಖರೀದಿದಾರರು ಒಂದು ಬದಲಿ ದಾರಿಗೆ ಒಪ್ಪಿದರು. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಹೊಸ ಎನ್‌ಕ್ರಿಪ್ಷನ್ ಮಾನದಂಡಗಳು ಕ್ವಾಂಟಮ್ ಕಂಪ್ಯೂಟರಿಗೂ ಜಗ್ಗದಂತೆ ರೂಪಿಸಿದವು. ಅವಕ್ಕೆ ಫೋಟಾನೂ ಬೇಡ, ನೋಡೂ ಬೇಡ, ಇರುವ ಇಂಟರ್ನೆಟ್ ಸಾಕು. ಗಾಳಿ ಬಂದಾಗ ಆದೇಶ ಆ ದಾರಿಯಲ್ಲಿ ಹೋಗುತ್ತದೆ.

ಉಪಗ್ರಹ ಬಂದರೆ ಈ ಕೋಣೆಗಳ ರಗಳೆಯೇ ಇರುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ಹಾಸನದಲ್ಲಿ 1982ರಿಂದ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಇರುವುದರಿಂದ ನಮ್ಮ ಕಡೆ ಈ ಮಾತು ಬೇಗ ಬರುತ್ತದೆ. 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಗೆ ಒಪ್ಪಿಗೆ ಪಡೆದ ರಾಷ್ಟ್ರೀಯ ಕ್ವಾಂಟಮ್ ಮಿಷನ್ನಿನ ಗುರಿಗಳಲ್ಲಿ ಬೇರೆ ದೇಶಗಳ ಜೊತೆ ದೂರದ ಕ್ವಾಂಟಮ್ ಸಂವಹನವೂ ಇದೆ. ಆದರೆ 2017ರಲ್ಲಿ ಬೀಜಿಂಗ್ ಮತ್ತು ವಿಯೆನ್ನಾ ನಡುವೆ ಚೀನಾದ ಮೀಸಿಯಸ್ ಉಪಗ್ರಹದ ಮೂಲಕ ವಿಡಿಯೋ ಕರೆ ನಡೆದಾಗ ಟ್ರಸ್ಟೆಡ್ ನೋಡ್ ಆಗಿದ್ದದ್ದು ಆ ಉಪಗ್ರಹವೇ. ಎರಡೂ ಕಡೆಯ ಕೀಲಿ ಅದಕ್ಕೆ ಗೊತ್ತಿತ್ತು. 1967ರ ಬಾಹ್ಯಾಕಾಶ ಒಪ್ಪಂದದ 8ನೇ ವಿಧಿಯಂತೆ ಉಪಗ್ರಹದ ಮೇಲಿನ ಅಧಿಕಾರ ಅದನ್ನು ನೋಂದಾಯಿಸಿದ ದೇಶದ್ದು. ಆಕಾಶ ಯಾರದ್ದೂ ಅಲ್ಲ, ಆಕಾಶದಲ್ಲಿರುವ ಪೆಟ್ಟಿಗೆ ಒಂದು ದೇಶದ್ದು. ಉಪಗ್ರಹದ ಸೇವೆ ಕೊಳ್ಳುವವರು ಅನುಬಂಧದಲ್ಲಿ ಅದರ ನೋಂದಣಿ ದೇಶವನ್ನೂ ಬರೆಸಬೇಕಾಗುತ್ತದೆ.

ನಮ್ಮ ಅನುಬಂಧದ ಪ್ರತಿಯನ್ನು ಜರ್ಮನಿಯ ಖರೀದಿದಾರರ ವಕೀಲರು ಕೇಳಿ ಪಡೆದುಕೊಂಡರು. ಅವರ ತುದಿಯ ನೋಡ್ ಎಲ್ಲಿದೆ, ಯಾರ ಬೀಗ ಅನ್ನೋದನ್ನು ಕಂಪನಿ ಅಲ್ಲಿಯವರೆಗೂ ಅವರಿಗೂ ಬರೆದುಕೊಟ್ಟಿರಲಿಲ್ಲ.